ಕವೆಗೋಲು

ಆಗಸ್ಟ್ ೧೩, ೨೦೦೯, ಗುರುವಾರ. ಚಳ್ಳಕೆರೆ

ನಾದಿನಿಯ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬೆಂಗಳೂರಿನಿಂದ ಬಂದಾಗಿನಿಂದ ಮೈಕೈ ನೋವು. ಗಂಟಲಲ್ಲಿ ಜೋಳದ ಸುಂಕು ಸಿಕ್ಕಿಕೊಂಡ ಹಾಗೆ ಕೆರೆತ. ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಹಿಡಿದರೆ ಕೈಯೇ ನಡುಗಿತು. ಎಣ್ಣೆ ಮಿಲ್ಲಿನಿಂದ ಊಟಕ್ಕೆ ಬಂದ ನಮ್ಮ ಯಜಮಾನರು ಹಣೆ ಮುಟ್ಟಿ, "ಸುಡ್ತೈತಲ್ಲೇ" ಅಂದರು. ವಿಭೂತಿ ಹಚ್ಚಿದ್ದೇನೆ, ಇಳಿಯುತ್ತದೆ ಅಂದೆ.

ಮಲಗುವ ಹೊತ್ತೇ ಇದು? ಸೋಮವಾರ ಮಗಳ ಸೀಮಂತ. ನನಗಿರುವುದು ಶಿಲ್ಪಾ ಒಬ್ಬಳೇ. ಚೊಚ್ಚಲ ಬಸುರಿ, ಏಳು ತಿಂಗಳು. ಮೊಳಕಾಲ್ಮುರಿಗೆ ಬಯಕೆ ಬುತ್ತಿ ಒಯ್ದು, ಉಡಿ ತುಂಬಿ, ಬರುವಾಗ ಹೆರಿಗೆಗೆ ಅವಳನ್ನು ಕರೆದುಕೊಂಡು ಬಂದುಬಿಡಬೇಕು. ಮೂಲೆಯ ಕೋಣೆ ಸುಣ್ಣ ಬಳಿಸಿಟ್ಟಿದ್ದೇನೆ.

ಫೋನ್ ಮಾಡಿ, ಏನು ತರಲಿ ಮಗಳೇ ಅಂದರೆ, "ಹೆಚ್ಚಿಗೆ ಏನೂ ತರಬ್ಯಾಡವ್ವ, ಅತ್ತೆ ಎಲ್ಲಾ ಮಾಡ್ಯಾರೆ" ಅಂದಳು. ಅತ್ತೆ ಎಲ್ಲಾ ಮಾಡ್ಯಾರೆ. ಈ ಮಾತನ್ನು ಬೆಳಿಗ್ಗೆಯಿಂದ ಎಷ್ಟು ಸಲ ಬಾಯಲ್ಲಿ ಹೊರಳಿಸಿದೆನೋ.

ಆಗಸ್ಟ್ ೧೫, ಶನಿವಾರ

ಜ್ವರ ಇಳಿದಿಲ್ಲ. ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದೆ. ನುಂಗಿದ ಮೇಲೆ ಬೆವರಿ ಸ್ವಲ್ಪ ಹಗುರ.

ಇವರು ಟೀವಿ ನೋಡುತ್ತಾ, "ಪುಣೆ, ಬೆಂಗ್ಳೂರು ಎಲ್ಲಾ ಕಡೆ ಹಂದಿಜ್ವರ ಅಂತೆ. ನೀನೂ ಬೆಂಗ್ಳೂರಿಗೆ ಹೋಗಿ ಬಂದೀಯ. ಸೀಮಂತ ಮುಂದಕ್ಕೆ ಹಾಕಾನ?" ಅಂದರು. ನನಗೆ ಸಿಟ್ಟು ಬಂತು. ಮನೆಯಲ್ಲಿ ಮೊಟ್ಟೆಯ ಸಿಪ್ಪೆ ಸಹ ಕಂಡವರಲ್ಲ ನಾವು. ಮೂರು ಹೊತ್ತು ಲಿಂಗಕ್ಕೆ ತೋರಿಸಿ ಉಣ್ಣುವವರು. ಹಂದಿಜ್ವರ ನಮಗೆ ಯಾವ ದಾರಿಯಲ್ಲಿ ಬರುತ್ತದೆ? ಅದೆಲ್ಲ ತಿನ್ನುವವರಿಗೆ ಬರುವುದು. ನನಗೆ ಬಂದದ್ದು ಬಸ್ಸಿನ ಗಾಳಿಗೆ ಬಂದ ನೆಗಡಿ.

ಶ್ರಾವಣದ ಕಡೆ ಸೋಮವಾರ ತಪ್ಪಿಸಿದರೆ ಮತ್ತೆ ಒಳ್ಳೆ ದಿನ ಹುಡುಕಬೇಕು. ಅಷ್ಟರಲ್ಲಿ ನಮ್ಮ ಬೀಗಿತ್ತಿ ನುಂಕಮ್ಮ ತಾನೇ ಸೀಮಂತ ಮಾಡಿ ಮುಗಿಸಿರುತ್ತಾಳೆ. ಮಾಡದೆ ಬಿಡುವ ಹೆಂಗಸಲ್ಲ. ಯಾರಿಗೂ ಹೇಳಬೇಡಿ ಅಂದೆ ಇವರಿಗೆ.

ಶೇಂಗಾ ಹೋಳಿಗೆ ಬೇಯಿಸಿದೆ. ಒಲೆಯ ಮುಂದೆ ಎರಡು ಸಲ ಕಣ್ಣು ಕತ್ತಲೆ ಬಂತು. ಕರ್ಚಿಕಾಯಿ ನಾಳೆ.

ಆಗಸ್ಟ್ ೧೭, ಸೋಮವಾರ

ಸೀಮಂತ ಆಯಿತು. ವೀರಭದ್ರ ಸ್ವಾಮಿ ನಡೆಸಿಕೊಟ್ಟ.

ಆದರೆ ನೆಮ್ಮದಿ ಇಲ್ಲ. ನಾನು ಚಳ್ಳಕೆರೆಯ ಅಂಗಡಿ ಅಂಗಡಿ ಸುತ್ತಿ ಹಸಿರು ಸೀರೆ ಒಯ್ದಿದ್ದೆ. ನುಂಕಮ್ಮ ತಮ್ಮ ಮಗ್ಗದಲ್ಲೇ ನೇಯಿಸಿದ ಮೊಳಕಾಲ್ಮುರು ರೇಷ್ಮೆ ಬಿಚ್ಚಿದಳು. ಗಿಣಿಹಸಿರು, ಅಂಚಿನಲ್ಲಿ ಗೋಪುರದ ಸಾಲು. ನೆರೆದ ಹೆಂಗಸರೆಲ್ಲ ಬಾಯಿ ಬಿಟ್ಟು ನೋಡಿದರು. ಶಿಲ್ಪಾ ಅದನ್ನೇ ಉಟ್ಟಳು. ನನ್ನದನ್ನು "ಆಮೇಲೆ ಉಡ್ತೀನವ್ವ, ಮೆತ್ತಗೈತೆ" ಎಂದು ಮಡಚಿಟ್ಟಳು. ಮೆತ್ತಗಿರುವುದನ್ನು ಮನೆಯಲ್ಲಿ ಉಡುತ್ತಾರೆ, ನನಗೆ ಗೊತ್ತಿಲ್ಲವೆ.

ಬುತ್ತಿ ಬಿಚ್ಚಿ ನನ್ನ ಕೈಯಿಂದಲೇ ತುತ್ತು ತುತ್ತು ತಿನ್ನಿಸಿದೆ. ಇದು ಮಾತ್ರ ನನ್ನ ಹಕ್ಕು. ನನ್ನ ಸೆರಗಿನಿಂದಲೇ ಬಾಯಿ ಒರೆಸಿದೆ. ಕೆನ್ನೆಗೆ ಕೆನ್ನೆ ಒತ್ತಿ ಹಿಡಿದುಕೊಂಡು ಬಿಡಲಿಲ್ಲ. ನಡುವೆ ಸೀನು ಬಂತು, ಸೆರಗು ಅಡ್ಡ ಹಿಡಿದೆ. ಕೆಮ್ಮೂ ಬಂತು. ತಿರುಗಿ ನೋಡಿದರೆ ನುಂಕಮ್ಮ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಲೋಟ ಮೆಣಸಿನ ಕಷಾಯ ತಂದಿಟ್ಟಳು. ನನ್ನ ಅಡುಗೆಯಿಂದ ಗಂಟಲು ಕೆಟ್ಟಿತೆಂದು ತೋರಿಸುವುದಕ್ಕೇ ಇರಬೇಕು.

ಹೊರಡುವಾಗ, ನಡಿಯವ್ವ ಅಂದೆ. ಶಿಲ್ಪಾ ಅತ್ತೆಯ ಮುಖ ನೋಡಿದಳು. "ಇಲ್ಲಿ ಡಾಕ್ಟರಮ್ಮ ನಂಗೆ ಅಭ್ಯಾಸ ಆಗ್ಯಾರೆ. ದಸರಾ ಆದ್ಮ್ಯಾಲೆ ಬರ್ತೀನಿ."

"ಇರ್ಲಿ ಬಿಡ್ರಿ ಬೀಗಿತ್ತೇರೆ," ಅಂದಳು ನುಂಕಮ್ಮ, "ನಮ್ಮ ಬಂಗಾರು ತಲ್ಲಿಗೆ ಎಲ್ಲಿ ಹಿತವೋ ಅಲ್ಲಿರ್ಲಿ."

ಬಂಗಾರು ತಲ್ಲಿಯಂತೆ, ಬಂಗಾರದ ತಾಯಿ; ಅವಳ ತವರು ರಾಯದುರ್ಗದ ತೆಲುಗು. ಹೆತ್ತವಳು ಕನ್ನಡದಲ್ಲಿ ಹೆತ್ತಳು, ಮುದ್ದು ಮಾಡುವವಳು ತೆಲುಗಿನಲ್ಲಿ ಮಾಡುತ್ತಾಳೆ.

ಆಗಸ್ಟ್ ೨೦, ಗುರುವಾರ. ಅಮಾವಾಸ್ಯೆ

ಅಳಿಯ ಸಂಗಮೇಶ್ ಫೋನ್ ಮಾಡಿದ್ದ. ಶಿಲ್ಪಾಳಿಗೆ ಚಳಿಜ್ವರ, ಕೆಮ್ಮು.

ನನಗೆ ಗೊತ್ತಿತ್ತು. ರೇಷ್ಮೆ ಸೀರೆಯ ಮನೆ ಅದು. ಬೆಂಗಳೂರು, ಪುಣೆಯ ವ್ಯಾಪಾರಿಗಳು ಬಂದು ನಡುಮನೆಯಲ್ಲೇ ಕೂರುತ್ತಾರೆ, ಬಸುರಿ ಹೆಂಗಸಿನ ಕೈಯಲ್ಲೇ ಟೀ ಕೊಡಿಸುತ್ತಾರೆ. ನನ್ನ ಮನೆಗೆ ಕಳಿಸಿದ್ದರೆ ಹೀಗಾಗುತ್ತಿತ್ತೇ? ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಆಗಸ್ಟ್ ೨೨, ಶನಿವಾರ. ಮೊಳಕಾಲ್ಮುರು

ಮಗಳ ಮುಖ ನೋಡಬೇಕೆಂದರೆ ಕಿಟಕಿಯಲ್ಲಿ ನೋಡಬೇಕು.

ಆಸ್ಪತ್ರೆಯ ಡಾಕ್ಟರಮ್ಮ ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದಾರೆ. ಬಸುರಿಯಾದ್ದರಿಂದ ಉತ್ತರ ಬರುವ ತನಕ ಕಾಯುವುದು ಬೇಡವೆಂದು ಮಾತ್ರೆ ಶುರು ಮಾಡಿದ್ದಾರೆ. ಮನೆಯಲ್ಲೇ ಬೇರೆ ಕೋಣೆ, ಜೊತೆಗೆ ಒಬ್ಬರೇ, ಮೂಗಿಗೆ ಬಟ್ಟೆ. ಉಸಿರು ಕಷ್ಟವಾದರೆ ಒಂದು ಗಳಿಗೆ ತಡ ಮಾಡದೆ ಚಿತ್ರದುರ್ಗಕ್ಕೆ ಒಯ್ಯಬೇಕಂತೆ. ಬಸುರಿಯರಿಗೆ ಈ ಜ್ವರ ಪುಪ್ಪುಸಕ್ಕೆ ಇಳಿಯುವುದು ಹೆಚ್ಚಂತೆ. ತಾಯಿಗೂ ಮಗುವಿಗೂ.

ಆ ಒಬ್ಬರು ಯಾರು? ನಾನು ಬರುವಷ್ಟರಲ್ಲಿ ನುಂಕಮ್ಮ ಒಳಗೆ ಹಾಸಿಗೆ ಹಾಕಿಕೊಂಡಾಗಿತ್ತು.

"ನಾನು ಕೂರ್ತೀನಿ, ನೀವು ಎದ್ದೇಳ್ರಿ" ಅಂದೆ ಬಾಗಿಲಲ್ಲಿ.

"ಬ್ಯಾಡ್ರಿ, ನೀವು ಊರಿಂದ ಬಂದು ದಣಿದೀರಿ. ನಂಗಾಗ್ಲೇ ಗಾಳಿ ತಾಗೈತೆ. ಇನ್ನೊಬ್ರು ಯಾಕೆ?"

ಶಿಲ್ಪಾ ಮುಲುಗಿದಳು. ನಾನು ಒಂದು ಹೆಜ್ಜೆ ಇಟ್ಟೆ. "ಅತ್ತೆ, ನೀರು" ಅಂದಳು.

ಪೂಜೆಗೆ ಕೂತರೂ ಅದೇ ಕೇಳುತ್ತಿತ್ತು. ಪತ್ರೆ ಏರಿಸುತ್ತಾ, ಮಗಳನ್ನು ಉಳಿಸು ತಂದೆ ಎಂದು ಬೇಡಿದೆ. ಅದರ ಹಿಂದೆಯೇ ಇನ್ನೊಂದು ಬೇಡಿಕೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ ೨೩, ಭಾನುವಾರ. ಗಣೇಶನ ಹಬ್ಬ

ಬೀದಿಯಲ್ಲಿ ಹುಡುಗರು ಗಣಪತಿ ಕೂರಿಸಿದ್ದಾರೆ. ಈ ಮನೆಯಲ್ಲಿ ಹಬ್ಬವಿಲ್ಲ. ಜ್ವರ ಏರುವುದು, ಇಳಿಯುವುದು.

ಅಳಿಯನ ತಂಗಿ ತ್ರಿವೇಣಿ ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಓದುತ್ತಾಳೆ. ಈ ಜ್ವರದ ದೆಸೆಯಿಂದ ಕಾಲೇಜಿಗೆ ರಜೆ. ಹುಡುಗಿಗೆ ಬಾಯಿ ಜಾಸ್ತಿ, ಮನಸ್ಸು ಒಳ್ಳೆಯದು. ನಾನು ಹಿತ್ತಲ ಕಟ್ಟೆಯ ಮೇಲೆ ಸುಮ್ಮನೆ ಕೂತದ್ದು ನೋಡಿ ಬಂದು ಕೂತಳು.

"ಚಳ್ಳಕೆರೆ ಅತ್ತೆ, ಯಾಕಿಂಗೆ ಮುಖ ಗಂಟು ಹಾಕ್ಕಂಡೀರಿ?"

"ಮಾತ್ರೆ ಕೊಟ್ಟು ಇಷ್ಟು ದಿನ ಆತು. ಜ್ವರ ಯಾಕೆ ಹೋಗವಲ್ದು?"

"ಮಾತ್ರೆ ಆ ವೈರಸ್ಸು ಮರಿ ಹಾಕೋದನ್ನ ತಡೀತೈತೆ ಅಷ್ಟೆ. ಓಡಿಸೋದು ಅತ್ತಿಗೆ ಮೈಯೇ. ಆ ಜ್ವರ ಐತಲ್ಲ, ಅದೂ ಮೈ ಮಾಡೋ ಜಗಳಾನೇ."

ರಂಗೋಲಿ ಪುಡಿ ತಂದು ಕಲ್ಲಿನ ಮೇಲೆ ಒಂದು ಗುಂಡು ಬರೆದು ಸುತ್ತಲೂ ಮುಳ್ಳು ಇಟ್ಟಳು. ಇದು ವೈರಸ್ಸು. ಈ ಮುಳ್ಳಿನಿಂದಲೇ ಅದು ಗಂಟಲಿನ, ಪುಪ್ಪುಸದ ಕಣಗಳ ಬಾಗಿಲಿಗೆ ಅಂಟಿಕೊಂಡು ಒಳಗೆ ನುಗ್ಗುತ್ತದಂತೆ. ಪಕ್ಕದಲ್ಲಿ ಇನ್ನೊಂದು ಬರೆದಳು. ಕೆಳಗೆ ಒಂದು ಕಾಲು, ಮೇಲೆ ಎರಡು ಕವಲು.

"ಇದು ಪ್ರತಿಕಾಯ. ಆಂಟಿಬಾಡಿ ಅಂತಾರೆ."

"ಇದು ಕವೆಗೋಲಲ್ವೇನೇ!" ಅಂದೆ.

ತ್ರಿವೇಣಿ ಕವೆಗೋಲು ನೋಡಿಯೇ ಇಲ್ಲವಂತೆ. ನಾನೇ ಹೇಳಿದೆ. ನನ್ನ ತವರು ನನ್ನಿವಾಳದಲ್ಲಿ ಹೊಲಕ್ಕೆ ಬೇಲಿ ಹಾಕುವಾಗ ಜಾಲಿಮುಳ್ಳಿನ ಕಂಟಿಯನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಕವಲಿರುವ ಉದ್ದನೆ ಕೋಲನ್ನು ಕಂಟಿಗೆ ಚುಚ್ಚಿ ಅದುಮಿ ಹಿಡಿಯುತ್ತಾರೆ. ಅಪ್ಪ ಅದುಮಿ ಹಿಡಿಯುತ್ತಿದ್ದ, ಅವ್ವ ಬುಡಕ್ಕೆ ಮಚ್ಚು ಹಾಕುತ್ತಿದ್ದಳು. ಆಮೇಲೆ ಕೋಲಿನ ಹಿಂತುದಿ ಹಿಡಿದು ಎಳೆದರೆ ಎಂಥ ಕಂಟಿಯಾದರೂ ಹಿಂದೆಯೇ ಬರುತ್ತದೆ.

ಹುಡುಗಿ ತೊಡೆ ತಟ್ಟಿಕೊಂಡಳು. "ಅಯ್ಯೋ, ನಮ್ಮ ಮೇಷ್ಟ್ರಿಗಿಂತ ಚೆಂದ ಹೇಳಿದ್ರಿ! ಇದೂ ಹಂಗೇ. ಈ ಎರಡು ಕವಲು ವೈರಸ್ಸಿನ ಮುಳ್ಳಿಗೆ ಕಚ್ಕಂತಾವೆ. ಮುಳ್ಳು ಮುಚ್ಚಿದ್ರೆ ಅದಕ್ಕೆ ಬಾಗ್ಲಿಗೆ ಅಂಟೋಕಾಗಲ್ಲ. ಆಮೇಲೆ ನುಂಗೋ ಕಣಗಳು ಬಂದು ಈ ಹಿಂತುದಿ ಹಿಡ್ಕಂಡು, ಎಳ್ಕಂಡು, ಅರಗಿಸಿಬಿಡ್ತಾವೆ."

"ಕವೆ ಇಲ್ದಿದ್ರೆ?"

"ನುಂಗೋವಕ್ಕೆ ಸರಿಯಾಗಿ ಹಿಡಿತ ಸಿಗಲ್ಲ."

"ನುಂಗೋವಿಲ್ದಿದ್ರೆ?"

"ಕವೆ ಕಚ್ಕಂಡು ಸ್ವಲ್ಪ ತಡೀತೈತೆ. ಎಳೆದು ಹಾಕೋರಿಲ್ಲ ಅಂದ್ರೆ ಎಷ್ಟಂತ ತಡೀತೈತೆ?"

"ಆಗ್ಲೇ ಒಳಗೆ ನುಗ್ಗಿರೋದು?"

"ಅಲ್ಲಿಗೆ ಕವೆ ತೂರಲ್ಲ. ಅದಕ್ಕೆ ಇನ್ನೊಂದು ಜಾತಿ ಕಣ ಐತೆ. ವೈರಸ್ಸು ಹೊಕ್ಕಿರೋ ಕಣ ಯಾವ್ದು ಅಂತ ವಾಸನೆ ಹಿಡ್ದು, ಆ ಕಣಾನೇ ಸಾಯಿಸಿಬಿಡ್ತೈತೆ. ಎಲ್ಲಾ ಸೇರಿದ್ರೇನೇ ಆಗೋದು ಅತ್ತೆ."

ಇವುಗಳಲ್ಲಿ ಹೆಚ್ಚಿನದು ಯಾವುದು ಎಂದು ಕೇಳಿದೆ. ಸುಮ್ಮನೆ ಕೇಳಿದೆ. ಅವಳು ಕಿಸಕ್ಕನೆ ನಕ್ಕು, "ಹೆಚ್ಚು ಕಮ್ಮಿ ನೋಡೋಕೆ ಅದೇನು ಸೀಮಂತದ ಸೀರೇನಾ?" ಅಂದಳು. ಚಿಕ್ಕ ಹುಡುಗಿ. ಎಲ್ಲಿ ನೋಡಿಕೊಂಡಿದ್ದಳೋ.

ಎದ್ದು ಹೋಗುವಾಗ ಇನ್ನೊಂದು ಮಾತು ಹೇಳಿದಳು. ಹೊಸ ಜ್ವರವಾದರೆ ಸರಿಯಾದ ಕವೆ ಮಾಡಿಕೊಳ್ಳಲು ಮೈಗೆ ಸುಮಾರು ದಿನ ಬೇಕು. ಅದೇ ಪರದಾಟ. ಒಂದು ಸಲ ಬಂದು ಹೋದ ಮೈಗೆ ಅದರ ಗುರುತಿರುತ್ತದೆ, ಕವೆ ಸಿದ್ಧ ಇರುತ್ತವೆ. "ಅವ್ವಂಗೆ ಸಕ್ಕರೆ ಕಾಯಿಲೆ ಬ್ಯಾರೆ. ಅವಳು ಅಲ್ಲಿ ಕೂರೋದು ನಂಗೆ ಹೆದ್ರಿಕೆ. ಆಗ್ಲೇ ಈ ಜ್ವರ ಬಂದು ಹೋದೋರು ಯಾರಾದ್ರೂ ಇದ್ದಿದ್ರೆ ಅವರೇ ಅತ್ತಿಗೆ ಹತ್ರ ಕೂರೋದು ಒಳ್ಳೇದಿತ್ತು."

ನಾನು ಕಲ್ಲಿನ ಮೇಲಿನ ಪುಡಿ ಒರೆಸಿದೆ. ನನಗೆ ಬಂದದ್ದು ನೆಗಡಿ.

ಆಗಸ್ಟ್ ೨೪, ಸೋಮವಾರ

ಕಿಟಕಿಯಲ್ಲಿ ನೋಡಿದೆ. ನುಂಕಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂದಲು ಬಿಡಿಸುತ್ತಿದ್ದಳು. ಆ ಕೂದಲಿಗೆ ಎಣ್ಣೆ ಹಾಕಿ ಬೆಳೆಸಿದವಳು ನಾನು.

ಸಾರು ಮಾಡಿ ಕೊಟ್ಟೆ. ಅರ್ಧ ಲೋಟ ವಾಪಸು ಬಂತು. ನುಂಕಮ್ಮ ಹೇಳಿಕೊಟ್ಟ ಹಾಗೆ ತ್ರಿವೇಣಿ ಇನ್ನೊಂದು ಸಾರು ಮಾಡಿದಳು, ಬೆಳ್ಳುಳ್ಳಿ ಸುಟ್ಟು ಹಾಕಿ. ಪೂರಾ ಕುಡಿದಳಂತೆ.

ಇವತ್ತು ಇಷ್ಟೇ.

ಆಗಸ್ಟ್ ೨೫, ಮಂಗಳವಾರ

ನಾನು ಗೆದ್ದೆ.

ಬೆಳಿಗ್ಗೆ ಡಾಕ್ಟರಮ್ಮ ಮನೆಗೇ ಬಂದರು. ಬಾಗಿಲಲ್ಲಿ ನುಂಕಮ್ಮನನ್ನು ನೋಡಿ ಗದರಿದರು. "ಶುಗರ್ ಇಟ್ಕೊಂಡು ನೀವ್ಯಾಕಮ್ಮ ಕೂತಿದ್ದೀರಿ? ನಿಮಗೆ ಬಂದ್ರೆ ನಿಮಗೂ ಕಷ್ಟ."

"ಅವಳು ನನ್ನ ಸೊಸೆ ಡಾಕ್ಟ್ರಮ್ಮ. ನಾನಲ್ದೆ ಯಾರು ಕೂರ್ಬೇಕು?"

ಯಾರು ಕೂರಬೇಕು! ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೇನೆ, ಹೆತ್ತವಳು, ಕಣ್ಣಿಗೇ ಬೀಳದ ಹಾಗೆ. ಮಾತು ತಾನಾಗಿ ಬಂತು.

"ಏಳ್ರಿ ಮ್ಯಾಲೆ. ನಾನು ಕೂರ್ತೀನಿ. ನಂಗಾಗ್ಲೇ ಬಂದು ಹೋಗೈತೆ."

ಎಲ್ಲರೂ ನನ್ನ ಕಡೆ ತಿರುಗಿದರು. ಸಂಗಮೇಶ್, "ಏನು ಬಂದು ಹೋಗೈತೆ ಅತ್ತೆ?" ಅಂದ.

"ಜ್ವರ. ಬೆಂಗ್ಳೂರಿಂದ ಬಂದ್ಮ್ಯಾಲೆ. ಮೈಕೈ ನೋವು, ಕೆಮ್ಮು, ಎಲ್ಲಾ ಹಿಂಗೇ."

"ಯಾವಾಗ?"

"ಸೀಮಂತಕ್ಕೆ ಮುಂಚೆ."

ಅವನು ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಹೋದ. ತ್ರಿವೇಣಿ ಗೋಡೆ ನೋಡಿದಳು. ಪರೀಕ್ಷೆ ಮಾಡಿಸದೆ ಅದೇ ಜ್ವರ ಎಂದು ಹೇಳಲಾಗುವುದಿಲ್ಲ, ಆದರೂ ಈ ಮನೆಯಲ್ಲಿ ಕೂರುವುದಾದರೆ ಇವರೇ ವಾಸಿ, ಬಟ್ಟೆ ಮಾತ್ರ ಕಟ್ಟಿಕೊಳ್ಳಲಿ ಎಂದರು ಡಾಕ್ಟರಮ್ಮ.

ನುಂಕಮ್ಮ ಎದ್ದು ಬಂದಳು. ಹೊಸ ಬಟ್ಟೆ ತೆಗೆದು ನನ್ನ ಮೂಗಿಗೆ ತಾನೇ ಕಟ್ಟಿದಳು. ಹಿಂದೆ ಗಂಟು ಹಾಕುತ್ತಾ ಕಿವಿಯ ಹತ್ತಿರ, "ನಂಗೊತ್ತಿತ್ತು ಬಿಡ್ರಿ" ಅಂದಳು.

"ಏನು ಗೊತ್ತಿತ್ತು?"

"ಆವತ್ತು ನಿಮ್ಮ ಕೈ ಮುಟ್ಟಿದ್ನಲ್ಲ, ಕಾದ ಹೆಂಚಿನಂಗಿತ್ತು. ಉಡಿ ತುಂಬೋಕೆ ಬಂದ ತಾಯೀನ ಹೊರಗೆ ಕೂರು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಅನ್ಬೇಕಿತ್ತು."

ಈ ಐದು ದಿನದಲ್ಲಿ ಒಂದು ಸಲವಾದರೂ ಹೇಳಬಹುದಿತ್ತು ಅವಳು. ಊರೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಇದರಲ್ಲೂ ನನಗಿಂತ ಮೇಲಾಗಬೇಕೆಂದೇ ಇರಬೇಕು.

ಏನೇ ಆಗಲಿ, ಈಗ ಮಗಳ ಪಕ್ಕ ನಾನೇ ಇದ್ದೇನೆ. ಹಣೆಯ ಮೇಲೆ ಕೈ ಇಟ್ಟಿದ್ದೇನೆ. ಸುಡುತ್ತಿದೆ. ನನ್ನ ಕೈಯಿಂದ ತಿಂದ ತುತ್ತು ನೆನಪಾಗುತ್ತಿದೆ. ಬರೆಯುವುದು ಸಾಕು.

ಆಗಸ್ಟ್ ೨೬, ಬುಧವಾರ

ಗೆದ್ದ ಮೇಲೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಶಿಲ್ಪಾ ಯಾವ ಮಗ್ಗುಲಿಗೆ ಮಲಗಿದರೆ ಕೆಮ್ಮು ಕಡಿಮೆ, ಮಾತ್ರೆ ವಾಂತಿಯಾಗದ ಹಾಗೆ ಯಾವುದರ ಜೊತೆ ಕೊಡುವುದು, ಮಗು ಒದೆಯುವ ಹೊತ್ತು ಯಾವುದು, ಒಂದೂ ನನಗೆ ಗೊತ್ತಿಲ್ಲ. ಎಲ್ಲಾ ಅವಳಿಗೆ ಗೊತ್ತು. ಕಿಟಕಿಯ ಆಚೆ ಮಣೆ ಹಾಕಿಕೊಂಡು ಕೂತಿದ್ದಾಳೆ. ಏಳುವುದೇ ಇಲ್ಲ.

"ಎಡಕ್ಕೆ ಹೊರಳ್ಸ್ರಿ. ಬೆನ್ನಿಗೆ ಆ ಕಂಬಳಿ ಸುತ್ತಿಡ್ರಿ. ಅದಲ್ಲ, ಕರೇದು."

"ನಂಗೂ ಕಣ್ಣು ಕಾಣ್ತಾವೆ."

"ಕಾಣ್ತಾವೆ, ಒಪ್ಪಿದೆ. ಕರೇದು ತಗಳ್ರಿ."

ಕರಿಯ ಕಂಬಳಿ ಇಟ್ಟ ಮೇಲೆ ಕೆಮ್ಮು ನಿಂತಿತು. ಇದನ್ನು ಅವಳಿಗೆ ಹೇಳಲಿಲ್ಲ.

ಆಗಸ್ಟ್ ೨೮, ಶುಕ್ರವಾರ. ಚಿತ್ರದುರ್ಗ

ನಿನ್ನೆ ಬರೆಯುವುದಕ್ಕಾಗಲಿಲ್ಲ.

ನಿನ್ನೆ ಬೆಳಿಗ್ಗೆ ಜ್ವರ ಇಳಿದಿತ್ತು. ಮೈ ತಣ್ಣಗಿತ್ತು. ಮಗಳು ಕಣ್ಣು ಮುಚ್ಚಿ ಮಲಗಿದ್ದಳು. ನನಗೆ ಎಷ್ಟು ಹಿಗ್ಗೆಂದರೆ, ನಾನು ಕೂತ ಮೇಲೆ ಇಳಿಯಿತು ನೋಡಿ ಎಂದು ನುಂಕಮ್ಮನಿಗೆ ಕೇಳುವ ಹಾಗೆ ಹೇಳಿದೆ. ಅವಳು ಹಿಗ್ಗಲಿಲ್ಲ. ಸರಳು ಹಿಡಿದುಕೊಂಡು ಒಳಗೆ ನೋಡುತ್ತಲೇ ಇದ್ದಳು.

"ಬೀಗಿತ್ತೇರೆ, ಸೆರಗು ಸರ್ಸ್ರಿ. ಅವಳ ಕುತ್ಗೆ ಕೆಳಗೆ ನೋಡ್ರಿ. ಗುಂಡಿ ಬೀಳ್ತೈತೆ."

"ನಿದ್ದೆ ಮಾಡ್ತಾಳೆ ಬಿಡ್ರಿ, ನೀವೊಬ್ರು."

"ನಿದ್ದೆ ಅಲ್ಲ ಅದು. ನಿನ್ನೆ ಹಿಂಗಿರ್ಲಿಲ್ಲ. ತುಟಿ ನೋಡ್ರಿ!"

ಪಕ್ಕದಲ್ಲೇ ಕೂತ ನನಗೆ ಕಂಡಿರಲಿಲ್ಲ. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ಪ್ರತಿ ಉಸಿರಿಗೂ ಕೊರಳ ಕುಳಿ ಒಳಗೆ ಹೋಗುತ್ತಿತ್ತು. ಅವಳು "ಸಂಗೂ, ಜೀಪು ತರ್ಸು!" ಎಂದು ಕೂಗುವಷ್ಟರಲ್ಲಿ ನಾನು ಮಗಳನ್ನು ಎರಡು ತೋಳಿನಲ್ಲಿ ಎತ್ತಿಕೊಂಡಿದ್ದೆ. ಏಳು ತಿಂಗಳ ಬಸುರಿಯನ್ನು ಹೇಗೆ ಎತ್ತಿದೆನೋ, ವೀರಭದ್ರನಿಗೇ ಗೊತ್ತು. ನುಂಕಮ್ಮನೂ ಬೇಡ ಬೇಡವೆಂದರೂ ಜೀಪು ಹತ್ತಿದಳು. ಒಬ್ಬರು ತಲೆ, ಒಬ್ಬರು ಕಾಲು ಹಿಡಿದುಕೊಂಡು ಬಂದೆವು. ದಾರಿಯುದ್ದಕ್ಕೂ ಅವಳು ಶಿಲ್ಪಾಳ ಎದೆ ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ. ಅವಳ ಮುಖದಲ್ಲೇ ಮಗಳ ಉಸಿರು ಕಾಣುತ್ತಿತ್ತು.

ಆಕ್ಸಿಜನ್ ಹಾಕಿದ್ದಾರೆ. ಪುಪ್ಪುಸದಲ್ಲಿ ನೀರು ಸೇರಿದೆಯಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಇಲ್ಲಿನ ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು. ಬೆಂಗಳೂರಿನ ಉತ್ತರವೂ ಬಂದಿದೆ. ಅದೇ ಜ್ವರ.

ಒಬ್ಬರಿಗೇ ಇರಲು ಅಪ್ಪಣೆ. ನಾನಿದ್ದೇನೆ. ನುಂಕಮ್ಮ ವಾಪಸು ಹೋದಳು. ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ.

ಆಗಸ್ಟ್ ೨೯, ಶನಿವಾರ

ಇವತ್ತೂ ಆಕ್ಸಿಜನ್. ಕಣ್ಣು ಬಿಟ್ಟಳು.

ಆಗಸ್ಟ್ ೩೧, ಸೋಮವಾರ

ಗಂಜಿ ಕುಡಿದಳು. ಆಕ್ಸಿಜನ್ ತೆಗೆದು ನೋಡಿದರು, ತಡೆದುಕೊಂಡಳು. ಶಿವನೇ.

ಮೊದಲು ಆಡಿದ ಮಾತು, "ಅತ್ತೆ ಎಲ್ಲಿ?"

ಎದೆಯಲ್ಲಿ ಚುಚ್ಚಿತು. ಆದರೂ ಮೊದಲಿನಷ್ಟು ಆಳಕ್ಕೆ ಹೋಗಲಿಲ್ಲ. ಅಥವಾ ನಿದ್ದೆಗೆಟ್ಟು ಮೈ ಜಡವಾಗಿರಬೇಕು. "ಅವರೇ ನೋಡಿದ್ದು ನಿನ್ನ ಉಸಿರು" ಅಂದೆ.

ತ್ರಿವೇಣಿ ಫೋನಿನಲ್ಲಿ ಶಿಲ್ಪಾಳಿಗೆ ಹೇಳುತ್ತಿದ್ದಳು: ನಿನ್ನ ಮೈ ಈಗ ಮಾಡಿಕೊಂಡ ಕವೆಗಳು ಕರುಳಬಳ್ಳಿಯಿಂದ ಮಗುವಿಗೂ ಹೋಗುತ್ತವೆ, ಹುಟ್ಟಿದ ಮೇಲೆ ಕೆಲವು ತಿಂಗಳು ಕಾಯುತ್ತವೆ. ಕವೆ ಎಂದೇ ಅಂದಳು ಹುಡುಗಿ. ನಾನು ಫೋನ್ ಈಸಿಕೊಂಡು, ಅಜ್ಜಿಯರ ಮೈಯಿಂದಲೂ ಹೋಗುತ್ತವೆಯೇ ಎಂದು ಕೇಳಿದೆ. ಇಲ್ಲ, ಹೊತ್ತವಳಿಂದ ಮಾತ್ರ ಅಂದಳು. ಹಾಗಾದರೆ ನುಂಕಮ್ಮನ ಕಡೆಯಿಂದಲೂ ಏನೂ ಹೋಗುವುದಿಲ್ಲ. ಸಮವಾಯಿತು.

"ಅವ್ವಂಗೆ ನಿನ್ನೆಯಿಂದ ಜ್ವರ" ಎಂದು ಕೊನೆಗೆ ಹೇಳಿದಳು. ಮಾತ್ರೆ ಶುರು ಮಾಡಿದ್ದಾರಂತೆ.

ಸೆಪ್ಟೆಂಬರ್ ೨, ಬುಧವಾರ. ಚಳ್ಳಕೆರೆ

ಬಿಡುಗಡೆ ಮಾಡಿದರು. ಅಲ್ಲಿ ಜ್ವರವಿದೆ, ನೋಡಿಕೊಳ್ಳುವವರಿಲ್ಲ, ತವರಿನಲ್ಲೇ ಇರಲಿ ಎಂದು ಸಂಗಮೇಶನೇ ಹೇಳಿದ. ಆವತ್ತಿನಿಂದ ಈಚೆಗೆ ನನ್ನ ಜೊತೆ ಅವನು ಆಡಿದ ಮೊದಲ ಮಾತು. ಸುಣ್ಣ ಬಳಿಸಿದ ಕೋಣೆಯಲ್ಲಿ ಮಗಳು ಮಲಗಿದ್ದಾಳೆ. ಸಂಗಮೇಶ ಆಸ್ಪತ್ರೆಗೆ ತಂದಿದ್ದ ಗಂಟಿನಲ್ಲಿದ್ದ ನನ್ನ ಮೆತ್ತನೆ ಹಸಿರು ಸೀರೆ ಉಟ್ಟಿದ್ದಾಳೆ. ನಾನು ಇಷ್ಟು ದಿನ ಬೇಡಿದ್ದು ಇದನ್ನೇ.

ಶಿಲ್ಪಾಳ ಉಳಿದ ಬಟ್ಟೆಬರೆ, ಡಾಕ್ಟರ ಚೀಟಿ ಎಲ್ಲಾ ಮೊಳಕಾಲ್ಮುರಿನಲ್ಲಿವೆ. ನಾಳೆ ಹೋಗಿ ತರುತ್ತೇನೆ. ಸಂಜೆಗೆ ಬಂದುಬಿಡುತ್ತೇನೆ. ಕೆಲಸಕ್ಕೆ ಬರುವ ಪಾತಮ್ಮನಿಗೆ ಅಡುಗೆ ಹೇಳಿದ್ದೇನೆ. "ಬಟ್ಟೆ ನಾನು ತರ್ಸ್ತೀನಿ ಬಿಡೇ" ಅಂದರು ಇವರು. ಹೆಣ್ಣುಮಕ್ಕಳ ಬಟ್ಟೆ ಇವರಿಗೆ ಗೊತ್ತಾಗುತ್ತದೆಯೇ?

ಸೆಪ್ಟೆಂಬರ್ ೪, ಶುಕ್ರವಾರ. ಮೊಳಕಾಲ್ಮುರು

ನಿನ್ನೆ ವಾಪಸು ಹೋಗಲಾಗಲಿಲ್ಲ.

ಬಂದು ನೋಡಿದರೆ ತ್ರಿವೇಣಿ ಒಬ್ಬಳೇ, ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಾಳೆ. ಅವ್ವ ಒಳಗೆ ಬಿಡುವುದಿಲ್ಲವಂತೆ, ನಿನಗೂ ಬಂದೀತು ಎಂದು ಬಯ್ಯುತ್ತಾಳಂತೆ. ನಾನು ಲೋಟ ಕಿತ್ತುಕೊಂಡು ಒಳಗೆ ಹೋದೆ.

"ಅತ್ತೆ, ನಾನು ನೋಡ್ಕಂತೀನಿ."

"ನಿಂಗೆ ಬಂದು ಹೋಗೈತಾ? ಇಲ್ಲಲ್ಲ. ನೀನೇ ಹೇಳಿದ್ದು."

ನುಂಕಮ್ಮ ಹಾಸಿಗೆಯಲ್ಲಿ ಅರ್ಧ ಆಗಿದ್ದಾಳೆ. ನನ್ನನ್ನು ನೋಡಿ, "ಮಗಳನ್ನ ಬಿಟ್ಟು ಇಲ್ಲೇನು ಮಾಡ್ತೀರಿ?" ಅಂದಳು.

"ಬಟ್ಟೆ ಒಯ್ಯೋಕೆ ಬಂದೆ."

"ಬಟ್ಟೆ ಬೀರುನಾಗೈತೆ."

"ಗೊತ್ತು. ಎಡಕ್ಕೆ ಹೊರಳ್ರಿ."

ಕರಿಯ ಕಂಬಳಿ ಸುತ್ತಿ ಬೆನ್ನಿಗೆ ಇಟ್ಟೆ. ಕೊರಳ ಕುಳಿ ನೋಡಿದೆ. ಇವತ್ತು ಬೆಳಗಿನಿಂದ ನೋಡುತ್ತಲೇ ಇದ್ದೇನೆ. ಗುಂಡಿ ಬೀಳುತ್ತಿಲ್ಲ. ಇವಳ ಲಿಂಗಪೂಜೆಗೂ ನಾನೇ ಪತ್ರೆ ಕೊಯ್ದು ತಂದೆ. ಕೂರಲಾರೆ ಅಂದಳು, ಬೆನ್ನು ಕೊಟ್ಟು ಕೂರಿಸಿದೆ.

ಸೆಪ್ಟೆಂಬರ್ ೬, ಭಾನುವಾರ

ಬೆಳ್ಳುಳ್ಳಿ ಸುಟ್ಟು ಹಾಕಿ ಸಾರು ಮಾಡಿದೆ. ಒಂದು ಗುಟುಕು ಕುಡಿದು, "ಉಪ್ಪು ಕಮ್ಮಿ" ಅಂದಳು. ಉಪ್ಪಿನ ರುಚಿ ತಿಳಿಯಿತೆಂದರೆ ನಾಲಿಗೆ ಬಂತು ಎಂದರ್ಥ. ಜ್ವರ ಬಿಟ್ಟಿದೆ. ಡಾಕ್ಟರಮ್ಮನೂ ನೋಡಿ, ಬೇಗ ಮಾತ್ರೆ ಕೊಟ್ಟದ್ದು ಒಳ್ಳೆಯದಾಯಿತು, ಇನ್ನು ಭಯವಿಲ್ಲ, ಒಂದೆರಡು ದಿನ ಜೋಪಾನ ಅಂದರು.

ಮಧ್ಯಾಹ್ನ ಶಿಲ್ಪಾ ಫೋನ್ ಮಾಡಿದಳು. "ಪಾತಮ್ಮನ ಮುದ್ದೆ ಗಂಟು ಗಂಟು. ಅವ್ವ, ಯಾವಾಗ ಬರ್ತೀಯ? ನೀನಿಲ್ದೆ ಮನೆ ಬಣಬಣ ಅಂತೈತೆ."

ಮದುವೆ ಮಾಡಿಕೊಟ್ಟ ಎರಡು ವರ್ಷದಿಂದ ಇದೊಂದು ಮಾತಿಗೆ ಕಾದಿದ್ದೆ. ಆದರೆ ಸಾರು ಒಲೆಯ ಮೇಲೆ ಉಕ್ಕುತ್ತಿತ್ತು. "ಬರ್ತೀನಿ ಇರವ್ವ, ನಿಮ್ಮತ್ತೆ ಕುಡಿದು ಮುಗಿಸ್ಲಿ" ಎಂದು ಇಟ್ಟುಬಿಟ್ಟೆ.

ಅಷ್ಟರಲ್ಲಿ ರಾಯದುರ್ಗದಿಂದ ನುಂಕಮ್ಮನ ತಂಗಿ ಬಂದಿಳಿದಳು. ಕೈಯಲ್ಲಿ ದೊಡ್ಡ ಕ್ಯಾರಿಯರ್. "ಅಕ್ಕಾ, ನೇನು ಒಚ್ಚಾನು" ಎಂದು ಹೊಸಿಲಿನಲ್ಲೇ ರಾಗ. ಒಳಗಿನಿಂದ ನುಂಕಮ್ಮನೂ "ಒಚ್ಚಾವಾ ತಲ್ಲೀ" ಎಂದು, ಬಂದೆಯಾ ತಾಯೀ ಅಂತ, ಎದ್ದು ಕೂತಳು. ನನ್ನನ್ನು ಒಂದು ದಿನವಾದರೂ ತಲ್ಲಿ ಎಂದಿದ್ದಾಳೆಯೇ? ಈಗ ಬಂದ ಇವಳು ಎಲ್ಲಿದ್ದಳು ಇಷ್ಟು ದಿನ? ಹೂವಿನ ಮೇಲೆ ಹೂವು ಮುಡಿದುಕೊಂಡು, ಸಾರು ತಂದಿದ್ದಾಳಂತೆ ಸಾರು!

ನಾನು ಬಾಗಿಲಿಗೆ ಅಡ್ಡ ನಿಂತೆ.

"ನಿಮಗೆ ಜ್ವರ ಬಂದು ಹೋಗೈತೇನ್ರಿ?"

"ಇಲ್ಲಮ್ಮ, ದೇವರ ದಯ."

"ಹಂಗಾದ್ರೆ ಅಲ್ಲಿ ಕಿಟಕಿ ಹತ್ರ ಮಣೆ ಐತೆ, ಕೂತ್ಕಳ್ರಿ. ಒಳಗೆ ನಾನಿದ್ದೀನಿ."

ಕ್ಯಾರಿಯರ್ ಈಸಿಕೊಂಡು ಕಟ್ಟೆಯ ಮೇಲಿಟ್ಟೆ. ನನ್ನ ಸಾರಿಗೆ ಉಪ್ಪು ಹಾಕಿ ಒಳಗೆ ಒಯ್ದೆ.